ಕಣ್ಣಿನ ಚಲನೆಯನ್ನು ಅಳೆದು ಆಟಿಸಂ ಚಿಕಿತ್ಸೆಯ ಫಲವನ್ನು ತಿಳಿಯಬಹುದೇ?

ಒಂದು ಮಟ್ಟಿಗೆ ತಿಳಿಯಬಹುದು. ಆದರೆ ಅದೊಂದನ್ನೇ ನೆಚ್ಚುವಂತಿಲ್ಲ. ಆಟಿಸಂ ಇರುವ ಹಲವು ಮಕ್ಕಳು ಎದುರಿನವರ ಮುಖವನ್ನು ಇತರ ಮಕ್ಕಳಿಗಿಂತ ಕಡಿಮೆ ಹೊತ್ತು ನೋಡುತ್ತಾರೆ. ಮುಂದೆ ಆಟಿಸಂ ಪತ್ತೆಯಾದ ಶಿಶುಗಳಲ್ಲಿ, ಕಣ್ಣುಗಳತ್ತ ನೋಡುವುದು 2ರಿಂದ 6 ತಿಂಗಳ ವಯಸ್ಸಿನಲ್ಲೇ ಕುಗ್ಗತೊಡಗಿತ್ತೆಂದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಪೋಷಕರು ತುಂಬುವ ಪ್ರಶ್ನಾವಳಿಗಳಲ್ಲಿ, ಔಷಧಿಯ ಅಂಶವೇ ಇಲ್ಲದ ಹುಸಿ ಗುಳಿಗೆ ಪಡೆದ ಮಗುವೂ ಸುಧಾರಿಸಿದಂತೆ ಕಾಣುವುದುಂಟು (ನಿರೀಕ್ಷೆಯೇ ಅಂಕ ಹಾಕಿಬಿಡುತ್ತದೆ). ಆದ್ದರಿಂದಲೇ, ವಿಡಿಯೊ ನೋಡುವಾಗ ಮಗುವಿನ ದೃಷ್ಟಿ ಎಲ್ಲಿ, ಎಷ್ಟು ಹೊತ್ತು ನಿಂತಿತೆಂಬುದನ್ನು ಇನ್‌ಫ್ರಾರೆಡ್ ಕ್ಯಾಮೆರಾದಿಂದ ದಾಖಲಿಸುವ ವಿಧಾನಕ್ಕೆ ಮಹತ್ವ ಬಂದಿದೆ. ಆದರೂ ಚಿಕಿತ್ಸೆಯೇ ಇಲ್ಲದೆ ಅಳತೆ ದಿನದಿಂದ ದಿನಕ್ಕೆ ಏರಿಳಿಯಬಹುದು. ಪರದೆಯ ಮೇಲಿನ ಮುಖವನ್ನು ಹೆಚ್ಚು ನೋಡಿದ ಮಾತ್ರಕ್ಕೆ ನಿಜವಾದ ಒಡನಾಟ ಸುಲಭವಾಯಿತೆಂದು ಹೇಳಲಾಗದು.