ಆಟದಂಗಳ ಪ್ರಶ್ನೋತ್ತರ: ಯಾಂಕೀಸ್ ಅಂಕಿಗಳ ಲೆಕ್ಕ

ಪ್ರಶ್ನೆ: ನ್ಯೂಯಾರ್ಕ್ ಯಾಂಕೀಸ್ ಬೇಸ್‌ಬಾಲ್ ತಂಡದ ಆರನ್ ಜಡ್ಜ್ 2022ರಲ್ಲಿ 62 ಹೋಂ ರನ್ (ಸಾಮಾನ್ಯವಾಗಿ ನಮ್ಮ ಸಿಕ್ಸರ್‌ನಂತೆ ಬೇಲಿಯಾಚೆ ಹೋಗುವ ಹೊಡೆತ) ಹೊಡೆದರೂ ಸರಾಸರಿ ಬರೀ 0.311. ಅವರ 177 ಹಿಟ್‌ಗಳನ್ನು 696 ಸರದಿಗಳಿಂದ ಭಾಗಿಸಿದರೆ ಅದೂ ಬರುತ್ತಿಲ್ಲ. ಲೆಕ್ಕ ಎಲ್ಲಿ ತಪ್ಪಿತು?
— ಓದುಗರು, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ನಿಮಗೆ 0.254 ಬಂದಿರಬೇಕು. ಕ್ರಿಕೆಟ್ ಸರಾಸರಿಯನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಇಲ್ಲಿ ರನ್ನಿಗೂ ಸರಾಸರಿಗೂ ಸಂಬಂಧವಿಲ್ಲ. ಹಿಟ್ ಎಂದರೆ ಚೆಂಡು ಹೊಡೆದು ಔಟಾಗದೆ ಬೇಸ್ (ಓಡಿ ಮುಟ್ಟಬೇಕಾದ ಗುರುತು) ತಲುಪಿದ್ದು. ಹಿಟ್‌ಗಳನ್ನು ‘ಅಟ್ ಬ್ಯಾಟ್’ಗಳಿಂದ, ಅಂದರೆ ಸರಾಸರಿಗೆ ಲೆಕ್ಕಕ್ಕೆ ಬರುವ ಸರದಿಗಳಿಂದ, ಭಾಗಿಸಬೇಕು. 696 ಎಂದರೆ ಜಡ್ಜ್ ಬ್ಯಾಟ್ ಹಿಡಿದು ನಿಂತ ಒಟ್ಟು ಸಲ. ಅದರಲ್ಲಿ ನಾಲ್ಕು ‘ಬಾಲ್’ (ಗುರಿ ತಪ್ಪಿದ, ಬ್ಯಾಟರ್ ಬೀಸದೆ ಬಿಟ್ಟ ಎಸೆತ) ಸಿಕ್ಕು ಪುಕ್ಕಟೆಯಾಗಿ ಮೊದಲ ಬೇಸ್‌ಗೆ ನಡೆದ ‘ವಾಕ್’ಗಳೇ 111. ವಾಕ್, ಮೈಗೆ ಚೆಂಡು ತಗುಲಿ ಸಿಕ್ಕ ಬೇಸ್, ಜೊತೆಗಾರನನ್ನು ಮುಂದೆ ಸಾಗಿಸಲು ತಾನು ಔಟಾಗುವ ಸ್ಯಾಕ್ರಿಫೈಸ್, ಇವ್ಯಾವುವೂ ಅಟ್ ಬ್ಯಾಟ್ ಅಲ್ಲ. ಅವನ್ನೆಲ್ಲ ಕಳೆದರೆ ಉಳಿಯುವುದು 570. ಈಗ 177 ಭಾಗ 570 ಮಾಡಿ: 0.3105, ಅಂದರೆ 0.311.

ಇನ್ನೊಂದು ಕಡೆಯೂ ಎಡವುತ್ತಾರೆ. ಫೀಲ್ಡರ್ ಚೆಂಡು ಕೈಬಿಟ್ಟ ತಪ್ಪಿನಿಂದ ಬ್ಯಾಟರ್ ಬೇಸ್ ಮುಟ್ಟಿದರೆ ಅಟ್ ಬ್ಯಾಟ್ ಒಂದು ಏರುತ್ತದೆ, ಹಿಟ್ ಏರುವುದಿಲ್ಲ. ಕ್ಯಾಚ್ ಬಿಟ್ಟಾಗ ಓಡಿದ ರನ್ನನ್ನೂ ಬ್ಯಾಟರ್ ಖಾತೆಗೇ ಬರೆಯುವ ನಮಗೆ ಇದು ಅನ್ಯಾಯ ಅನ್ನಿಸಬಹುದು. ಅಂದಹಾಗೆ 0.311 ‘ಬರೀ’ ಅಲ್ಲ. 0.300 ದಾಟಿದವರನ್ನೇ ಒಳ್ಳೆಯ ಬ್ಯಾಟರ್ ಎನ್ನುತ್ತಾರೆ. ದಿಗ್ಗಜ ಬೇಬ್ ರೂತ್ ಅವರ ಜೀವಮಾನದ ಸರಾಸರಿ 0.342, ಅವರ ಯಾಂಕೀಸ್ ಜೊತೆಗಾರ ಲೂ ಗೆಹ್ರಿಗ್ ಅವರದು 0.340.

ಪ್ರಶ್ನೆ: ಕಾಲೇಜು ಕ್ವಿಜ್‌ನಲ್ಲಿ ಯಾಂಕೀಸ್ ಪರ ಅತಿ ಹೆಚ್ಚು ಹೋಂ ರನ್ ಎಷ್ಟು ಎಂದು ಕೇಳಿದರು. ಬೇಬ್ ರೂತ್, 714 ಎಂದೆ. ಅಂಕ ಕೊಡಲಿಲ್ಲ.
— ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಕೊಡದಿದ್ದದ್ದೇ ಸರಿ ಕಣಮ್ಮ. ಹೆಸರು ಸರಿ, ಅಂಕಿ ತಪ್ಪು. 714 ಅವರ ಇಡೀ ಜೀವಮಾನದ ಮೊತ್ತ: ಬಾಸ್ಟನ್ ರೆಡ್ ಸಾಕ್ಸ್‌ಗೆ 49, 1920ರಿಂದ 1934ರವರೆಗೆ ಯಾಂಕೀಸ್‌ಗೆ 659, ಕೊನೆಗೆ ಬಾಸ್ಟನ್ ಬ್ರೇವ್ಸ್‌ಗೆ 6. ತಂಡದ ದಾಖಲೆ 659. ಇನ್ನೊಬ್ಬ ಯಾಂಕೀಸ್ ಆಟಗಾರ ಡೆರೆಕ್ ಜೀಟರ್ ವಿಷಯದಲ್ಲಿ ಈ ತಾಪತ್ರಯವಿಲ್ಲ, 3465 ಹಿಟ್‌ಗಳೂ ಯಾಂಕೀಸ್‌ಗೇ.

ಒಂದೇ ಋತುವಿನ ದಾಖಲೆ ಕೇಳಿದರೆ ‘ಯಾವುದರ ದಾಖಲೆ’ ಎಂಬುದನ್ನು ಗಮನಿಸಿ. ರೂತ್ 1927ರಲ್ಲಿ 60, ರೋಜರ್ ಮ್ಯಾರಿಸ್ 1961ರಲ್ಲಿ 61, ಜಡ್ಜ್ 62. ಇದು ಯಾಂಕೀಸ್ ದಾಖಲೆ, ಅಮೆರಿಕನ್ ಲೀಗ್ ದಾಖಲೆಯೂ ಹೌದು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನ ಎರಡೂ ಲೀಗ್ (ಅಮೆರಿಕನ್, ನ್ಯಾಷನಲ್) ಸೇರಿಸಿದರೆ 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್‌ನ ಬ್ಯಾರಿ ಬಾಂಡ್ಸ್ ಹೊಡೆದ 73 ಮೇಲಿದೆ. ರೂತ್ ಕಾಲದ ಋತುವಿಗೆ 154 ಪಂದ್ಯ, ಮ್ಯಾರಿಸ್ ಹೊತ್ತಿಗೆ 162. ಆ ಎಂಟು ಪಂದ್ಯಗಳ ಜಗಳ ಬಹಳ ಕಾಲ ನಡೆಯಿತು.

ಪ್ರಶ್ನೆ: ಪಿಚರ್‌ಗಳ (ಚೆಂಡು ಎಸೆಯುವವರ) ‘ಇಆರ್‌ಎ’ ಲೆಕ್ಕ ಹಾಕುವುದು ಹೇಗೆ? ಕ್ಯಾಲ್ಕುಲೇಟರ್ ಒತ್ತಿದರೆ ಒಮ್ಮೊಮ್ಮೆ ತಾಳೆಯಾಗುವುದಿಲ್ಲ.
— ಓದುಗರು, ಹಿರಿಯೂರು

ಉತ್ತರ: ಇಆರ್‌ಎ ಎಂದರೆ ಒಂಬತ್ತು ಇನಿಂಗ್ಸ್‌ಗೆ ಪಿಚರ್ ಸರಾಸರಿ ಬಿಟ್ಟುಕೊಟ್ಟ ರನ್. ಪಿಚರ್ ಹೊಣೆಯ ರನ್‌ಗಳನ್ನು 9ರಿಂದ ಗುಣಿಸಿ, ಎಸೆದ ಇನಿಂಗ್ಸ್‌ನಿಂದ ಭಾಗಿಸಿ. ಫೀಲ್ಡರ್ ತಪ್ಪಿನಿಂದ ಬಂದ ರನ್ ಸೇರಿಸಬೇಡಿ. ಬಹುಶಃ ನಿಮಗೆ ಚುಕ್ಕಿ ಕೈಕೊಟ್ಟಿದೆ. ಓವರ್ ಲೆಕ್ಕದಲ್ಲಿ 12.4 ಎಂದರೆ 12 ಓವರ್, 4 ಎಸೆತ ಅಲ್ಲವೇ? ಹಾಗೆಯೇ ಇಲ್ಲಿ 1.2 ಎಂದರೆ ಒಂದು ಇನಿಂಗ್ಸ್, 2 ಔಟ್. ಒಂದು ಇನಿಂಗ್ಸ್‌ಗೆ 3 ಔಟ್, ಆದ್ದರಿಂದ ಅದು 1.667. ಆ ಪಿಚರ್ ಒಂದು ರನ್ ಬಿಟ್ಟಿದ್ದರೆ ಇಆರ್‌ಎ 5.40, ನೇರವಾಗಿ 1.2 ಒತ್ತಿದರೆ 7.50 ಬಂದುಬಿಡುತ್ತದೆ. ಮೊತ್ತ ದೊಡ್ಡದಾದಷ್ಟೂ ಈ ತಪ್ಪು ಮರೆಯಾಗುತ್ತದೆ. 652 ಸೇವ್‌ಗಳ (ಕೊನೆಯಲ್ಲಿ ಬಂದು ತಂಡದ ಮುನ್ನಡೆ ಕಾಯ್ದುಕೊಟ್ಟ ಸಲ) ದಾಖಲೆಯ ಯಾಂಕೀಸ್ ಪಿಚರ್ ಮರಿಯಾನೊ ರಿವೆರಾ ಎಸೆದದ್ದು 1283.2 ಇನಿಂಗ್ಸ್. ಅವರ ಇಆರ್‌ಎ 2.21 ಹೇಗೆ ಒತ್ತಿದರೂ ಬರುತ್ತದೆ.

ಪ್ರಶ್ನೆ: ಯಾಂಕೀಸ್‌ನಲ್ಲಿ ರೂತ್‌ಗೆ 3, ಗೆಹ್ರಿಗ್‌ಗೆ 4 ಅಂಕಿಯ ಅಂಗಿ. ಜಡ್ಜ್‌ಗೆ ಯಾಕೆ 99?
— ಓದುಗರು, ಜಗಳೂರು

ಉತ್ತರ: 1929ರಲ್ಲಿ ಬ್ಯಾಟಿಂಗ್ ಕ್ರಮಾಂಕವನ್ನೇ ಅಂಗಿಗೆ ಹೊಲಿದರು. ರೂತ್ ಮೂರನೆಯವರು, ಗೆಹ್ರಿಗ್ ನಾಲ್ಕನೆಯವರು. ಸತತ 2130 ಪಂದ್ಯ ಆಡಿ 1939ರಲ್ಲಿ ಕಾಯಿಲೆಯಿಂದ ನಿಂತ ಗೆಹ್ರಿಗ್‌ರ 4ನ್ನು ಆಮೇಲೆ ಯಾರಿಗೂ ಕೊಡಲಿಲ್ಲ. ಹೀಗೆ ಒಂದೊಂದೇ ನಿವೃತ್ತಿಯಾಗಿ ಈಗ 1ರಿಂದ 9ರವರೆಗೆ ಒಂದೂ ಖಾಲಿ ಇಲ್ಲ. 99 ಮಾತ್ರ ಜಡ್ಜ್‌ಗೆ ಮೊದಲು ತರಬೇತಿ ಶಿಬಿರದಲ್ಲಿ ಸಿಕ್ಕ ಅಂಕಿ, ಅದನ್ನೇ ಉಳಿಸಿಕೊಂಡರು.

ಪ್ರಶ್ನೆ: ನೇರ ಪ್ರಸಾರ ನಮಗೆ ಎಷ್ಟು ಹೊತ್ತಿಗೆ?
— ಓದುಗರು, ಹರಿಹರ

ಉತ್ತರ: ನ್ಯೂಯಾರ್ಕ್‌ನಲ್ಲಿ ಸಂಜೆ 7.05ಕ್ಕೆ ಶುರುವಾದರೆ ಅಲ್ಲಿನ ಬೇಸಿಗೆಯಲ್ಲಿ ನಮಗೆ ಮರುದಿನ ಬೆಳಗಿನ ಜಾವ 4.35. ಅಂಕಿ ಬರೆದಿಡುವವರು ತಾರೀಖು ಮಾತ್ರ ಅಲ್ಲಿನದನ್ನೇ ಹಾಕಿ, ಇಲ್ಲದಿದ್ದರೆ ದಾಖಲೆ ಪಟ್ಟಿಯಲ್ಲಿ ಆ ಪಂದ್ಯ ಹುಡುಕಿದರೂ ಸಿಗುವುದಿಲ್ಲ.