ಪಟ್ಟಿ ಸಿಕ್ಕಿಸುವ ಕೊಂಡಿಯಿಲ್ಲದ ಏರ್ ರೈಫಲ್‌ಗೆ ಮನೆಯಲ್ಲೇ ಹೆಗಲಪಟ್ಟಿ ಮಾಡಿ ಕಟ್ಟಬಹುದೇ?

ಕಟ್ಟಬಹುದು. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಹೋದರೆ ಬೇಕಾದ ಸಾಮಾನು ಸಿಗುತ್ತದೆ. ಸುಮಾರು ಒಂದೂಕಾಲು ಇಂಚು ಅಗಲದ ದಪ್ಪ ಹತ್ತಿಪಟ್ಟಿ ಎರಡು ಗಜ ಸಾಕು. ಮಂಚಕ್ಕೆ ನೇಯುವ ನವಾರು ಗಟ್ಟಿಯಾದರೂ ಇದಕ್ಕೆ ಅಗಲ ಹೆಚ್ಚು. ನೈಲಾನ್ ಪಟ್ಟಿ ಬೆವರಿದ ಹೆಗಲ ಮೇಲೆ ಜಾರುತ್ತದೆ. ನಮ್ಮ ಮೇ ತಿಂಗಳ ಬಿಸಿಲಿನಲ್ಲಿ ಅದರ ಸಹವಾಸವೇ ಬೇಡ. ಹತ್ತಿಪಟ್ಟಿಯನ್ನು ಮೊದಲು ನೆನೆಸಿ ಒಣಗಿಸಿ, ಆಮೇಲೆ ಅಳತೆ ಮಾಡಿ. ಇಲ್ಲದಿದ್ದರೆ ಮೊದಲ ಮಳೆಗೇ ಕುಗ್ಗುತ್ತದೆ.

ರೈಫಲ್ ಖಾಲಿ ಇದೆಯೇ ಎಂದು ನೋಡಿಕೊಂಡೇ ಕೆಲಸಕ್ಕೆ ಕೈಹಾಕಿ. ಹಿಂದಿನ ತುದಿ ಸುಲಭ: ಬಟ್ಟಿನ (ಹೆಗಲಿಗೆ ಆನಿಸುವ ಹಿಂಭಾಗದ) ಸುತ್ತ ಅಂಗೈ ಅಗಲದ ಚರ್ಮದ ತುಂಡು ಸುತ್ತಿ, ಬೂಟಿನ ಲಾಡಿಯಂತೆ ದಾರದಿಂದ ಬಿಗಿಯಿರಿ. ಅದಕ್ಕೊಂದು ಕಬ್ಬಿಣದ ಬಳೆ ಹೊಲಿಸಿ, ಪಟ್ಟಿಯನ್ನು ಅದರೊಳಗೆ ಹಾಯಿಸಿ. ಚಪ್ಪಲಿ ಹೊಲಿಯುವವರು ಹತ್ತು ನಿಮಿಷದಲ್ಲಿ ಮಾಡಿಕೊಡುತ್ತಾರೆ.

ಎಲ್ಲರೂ ಎಡವುವುದು ಮುಂದಿನ ತುದಿಯಲ್ಲಿ. ನಳಿಗೆಯನ್ನೇ ಬಗ್ಗಿಸಿ ಪೆಲೆಟ್ (ಏರ್ ರೈಫಲ್‌ನ ಸಣ್ಣ ಗುಂಡು) ತುಂಬುವ ರೈಫಲ್ ಆಗಿದ್ದರೆ ನಳಿಗೆಗೆ ಪಟ್ಟಿ ಕಟ್ಟಲೇಬೇಡಿ. ಪಟ್ಟಿಯ ಎಳೆತಕ್ಕೆ ನಳಿಗೆ ಕೂದಲೆಳೆಯಷ್ಟು ಸರಿದರೂ ಗುರಿ ತಪ್ಪುತ್ತದೆ. ನಾನೂ ಹಾಗೆ ಕಟ್ಟಿ, ಒಂದು ವಾರ ಸುಮ್ಮನೆ ರೈಫಲ್ ಮೇಲಿನ ಗುರಿ ನೋಡುವ ದೂರದರ್ಶಕವನ್ನು ಬೈದುಕೊಂಡಿದ್ದೆ. ನಳಿಗೆಯ ಬದಲು ರೈಫಲ್‌ನ ಮುಂಭಾಗದ ಮರಕ್ಕೆ ಮಾತ್ರ ಪಟ್ಟಿಯ ಕುಣಿಕೆ ಹಾಕಿ. ಸ್ಕ್ರೂ ಕೊಂಡಿಯೇ ಬೇಕೆಂದಾದರೆ ಸ್ಕ್ರೂಗಿಂತ ಸಣ್ಣ ತೂತು ಮೊದಲು ಕೊರೆಯಿರಿ, ನೇರವಾಗಿ ತಿರುಗಿಸಿದರೆ ಮರ ಸೀಳುತ್ತದೆ.

ಉದ್ದ ಹೊಂದಿಸಲು ಹಳೆಯ ಶಾಲಾಚೀಲದ ಬಕಲ್ ಸಾಕು. ಇಳಿಬಿದ್ದ ತುದಿ ಟ್ರಿಗರ್ ಹತ್ತಿರ ಸುಳಿಯದಂತೆ ಕತ್ತರಿಸಿ ಹೊಲಿಯಿರಿ.