ಡಿಜಿಲಾಕರ್‌ಗಿಂತ ಜೆರಾಕ್ಸೇ ವಾಸಿನಾ? ಇಲ್ಲ ರೀ

ಫೋನ್ ಕಳೆದರೆ ಡಿಜಿಲಾಕರ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿರೋ ಆಧಾರ್, ಲೈಸೆನ್ಸ್ ಎಲ್ಲಾ ಕಳ್ಳನ ಪಾಲಾಗುತ್ತಲ್ವಾ, ಅದಕ್ಕಿಂತ ಜೆರಾಕ್ಸ್ ಇಟ್ಟುಕೊಂಡು ಓಡಾಡೋದೇ ವಾಸಿ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ನನ್ನ ದುಡ್ಡು ಹೋಗಿದ್ದು ಆ ಜೆರಾಕ್ಸ್‌ನಿಂದಲೇ.

ನಾನು ವಿಜಯಪುರದವನು. ಸಂಕ್ರಾಂತಿಗೆ ನಮ್ಮಲ್ಲಿ ಸಿದ್ಧೇಶ್ವರ ಜಾತ್ರೆ, ಕಾಲಿಡೋಕೆ ಜಾಗ ಇರಲ್ಲ. ಮಿರ್ಚಿ ತಿಂದು ದುಡ್ಡು ಕೊಡೋಣ ಅಂತ ಜೇಬಿಗೆ ಕೈ ಹಾಕಿದರೆ ಫೋನೇ ಇಲ್ಲ. ಅದಕ್ಕೆ ಪುಸ್ತಕದ ಹಾಗೆ ತೆರೆಯುವ ಕವರ್ ಇತ್ತು. ಕವರಿನ ಒಳಜೇಬಿನಲ್ಲಿ ಆಧಾರ್ ಜೆರಾಕ್ಸ್. ಮಡಿಸಿ ಮಡಿಸಿ ಫೋಟೋದಲ್ಲಿ ನನ್ನ ಮುಖ ಅಳಿಸಿಹೋಗಿತ್ತು, ನಂಬರ್ ಮಾತ್ರ ಸ್ಪಷ್ಟವಾಗಿತ್ತು.

ಫೋನಿಗೆ ಬೆರಳಿನ ಲಾಕ್ ಇದೆಯಲ್ಲ, ಯಾರೇನು ಮಾಡ್ತಾರೆ ಅಂತ ಧೈರ್ಯ. ಆ ರಾತ್ರಿ ಸಿಮ್ ಬಂದ್ ಮಾಡಿಸಲಿಲ್ಲ. ಯಾರಾದರೂ ಪುಣ್ಯಾತ್ಮರು ಎತ್ತಿಯಾರು ಅಂತ ಗೆಳೆಯನ ಫೋನಿಂದ ರಿಂಗ್ ಕೊಡುತ್ತಾ ಕೂತೆ. ನಾನು ಕೆಟ್ಟಿದ್ದು ಇಲ್ಲೇ, ಸ್ವಲ್ಪ ಬಿಡಿಸಿ ಹೇಳ್ತೀನಿ. ಲಾಕ್ ಇದ್ದದ್ದು ಫೋನಿಗೆ, ಸಿಮ್‌ಗಲ್ಲ. ಕಳ್ಳ ಫೋನ್ ತೆರೆಯೋ ಗೋಜಿಗೇ ಹೋಗಲಿಲ್ಲ, ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದ. ಅಲ್ಲಿಗೆ ನನಗೆ ಬರೋ ಒಟಿಪಿ ಎಲ್ಲಾ ಅವನಿಗೆ. ಆ ನಂಬರ್‌ನಲ್ಲಿ ಯುಪಿಐ ಶುರು ಮಾಡಿದ ತಕ್ಷಣ ನನ್ನ ಖಾತೆ ಕಾಣಿಸಿಕೊಂಡಿದೆ. ಹೊಸ ಯುಪಿಐ ಪಿನ್ ಹಾಕೋಕೆ ಎಟಿಎಂ ಕಾರ್ಡೇ ಆಗಬೇಕು ಅಂತಿಲ್ಲ, ಆಧಾರ್ ನಂಬರಿನ ಮೊದಲ 6 ಅಂಕಿ ಮತ್ತು ಒಟಿಪಿ ಇದ್ದರೂ ನಡೆಯುತ್ತೆ. ಅಂಕಿ ಕವರಿನಲ್ಲಿತ್ತು, ಒಟಿಪಿ ಸಿಮ್‌ಗೆ ಬಂತು! ಇಷ್ಟೂ ನನಗೆ ಗೊತ್ತಾಗಿದ್ದು ಮರುದಿನ ಬ್ಯಾಂಕಿನಲ್ಲಿ. ಹೊಸ ಫೋನಿನಿಂದ ಮೊದಲ 24 ಗಂಟೆ ನನ್ನ ಖಾತೆಗೆ 5000 ರೂಪಾಯಿ ಮಿತಿ ಇತ್ತು, ಅದಕ್ಕೇ ಅಷ್ಟರಲ್ಲಿ ಮುಗಿಯಿತು. ಇಲ್ಲದಿದ್ದರೆ ಒಣದ್ರಾಕ್ಷಿ ಮಾರಿದ ದುಡ್ಡೆಲ್ಲ ಹೋಗ್ತಿತ್ತು.

ಆಮೇಲೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಪೊಲೀಸ್ ದೂರು ಕೊಟ್ಟೆ, ಸಂಚಾರ್ ಸಾಥಿ ಅನ್ನೋ ಸರ್ಕಾರಿ ತಾಣದಲ್ಲಿ ಫೋನಿನ ಐಎಂಇಐ ನಂಬರ್ ಹಾಕಿ ಹ್ಯಾಂಡ್‌ಸೆಟ್ ಬ್ಲಾಕ್ ಮಾಡಿಸಿದೆ. ಡುಪ್ಲಿಕೇಟ್ ಸಿಮ್ ಬಂದ ಮೇಲೆ ಡಿಜಿಲಾಕರ್‌ಗೆ ಲಾಗಿನ್ ಆದರೆ ಲೈಸೆನ್ಸ್, ಆರ್‌ಸಿ ಎಲ್ಲಾ ಇದ್ದಲ್ಲೇ ಇದ್ದವು.

ಹಾಗಾಗಿ ನಿಮ್ಮ ಪ್ರಶ್ನೆಯೇ ಉಲ್ಟಾ ಅನ್ನಿಸುತ್ತೆ ನನಗೆ. ಡಿಜಿಲಾಕರ್ ಧಾರಾಳವಾಗಿ ಬಳಸಿ. ಗಾಡಿ ಕಾಗದಗಳನ್ನು ಹೀಗೆ ತೋರಿಸಬಹುದು ಅಂತ 2018ರಲ್ಲೇ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಆಗಿದೆ. ಆದರೆ ಗ್ಯಾಲರಿಯಲ್ಲಿರೋ ಫೋಟೋ ನಡೆಯಲ್ಲ. ಡಿಜಿಲಾಕರ್‌ಗೆ ನೀವೇ ಸ್ಕ್ಯಾನ್ ಮಾಡಿ ಹಾಕಿದ್ದಕ್ಕೂ ಆ ಬೆಲೆ ಇಲ್ಲ, ಇಲಾಖೆಯಿಂದ ನೇರವಾಗಿ ಬಂದಿದ್ದಕ್ಕೆ ಮಾತ್ರ. ಪೊಲೀಸರಿಗೆ ತೋರಿಸುವಾಗ ಫೋನ್ ನಿಮ್ಮ ಕೈಯಲ್ಲೇ ಇರಲಿ, ಸುಮ್ನೆ ಅವರ ಕೈಗೆ ಕೊಟ್ಟು ನಿಲ್ಲಬೇಡಿ.

ಲಾಡ್ಜ್‌ನವರು ವಾಟ್ಸಾಪ್‌ಗೆ ಆಧಾರ್ ಕಳಿಸಿ ಅಂದರೆ ಮಾಸ್ಕ್ಡ್ ಆಧಾರ್ ಕಳಿಸಿ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತೆ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಹಾಕಿಡಿ, ರೇಷನ್‌ಗೆ ಬೆರಳು ಕೊಡಬೇಕಾದಾಗ ತೆಗೆದರಾಯಿತು.

ಇದೆಲ್ಲಕ್ಕಿಂತ ಮೊದಲು ಸಿಮ್‌ಗೆ ಪಿನ್ ಹಾಕಿ, ಇವತ್ತೇ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಅಂತ ಸಿಗುತ್ತೆ. ಅದು ಮೊದಲು ಸಿಮ್‌ನಲ್ಲಿ ಮೊದಲೇ ಇರೋ ಪಿನ್ ಕೇಳುತ್ತೆ, ಅದನ್ನು ಸಿಮ್ ಕಂಪನಿಯವರಿಂದಲೇ ತಿಳಿದುಕೊಳ್ಳಿ. ಊಹಿಸಿ ಹಾಕಲು ಹೋಗಬೇಡಿ, 3 ಸಲ ತಪ್ಪಿದರೆ ಸಿಮ್ ಲಾಕ್ ಬಿಡಿಸೋ ಪಿಯುಕೆ ನಂಬರಿಗಾಗಿ ಅವರ ಅಂಗಡಿಗೆ ಅಲೆಯಬೇಕಾಗುತ್ತೆ.